ಅರ್ಧ ಮಾತ್ರೆ

ಇಂದು ಬೆಳಿಗ್ಗೆ ಅಮ್ಮ ನೆಗಡಿ ಮಾತ್ರೆಯನ್ನು ಹಲ್ಲಿನಿಂದ ಕಚ್ಚಿ ಎರಡು ಮಾಡಿದ್ದನ್ನು ಕಂಡೆ. ಅಪ್ಪನೂ ಹಾಗೆಯೇ ಮಾಡುತ್ತಿದ್ದ. ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಬರುವಾಗ ಅವನ ರೆಪ್ಪೆಯ ಮೇಲೂ ತೌಡಿನ ಧೂಳು ಇರುತ್ತಿತ್ತು. ಬಾಗಿಲಲ್ಲೇ ಸಾಲಾಗಿ ಸೀನುತ್ತಿದ್ದ. ನಾನು ಎಣಿಸಿ ನಗುತ್ತಿದ್ದೆ.

“ಪೂರ್ತಿ ನುಂಗಿದ್ರ ಮಿಷನ್ ಮುಂದ ತೂಕಡಿಕಿ ಬರತೈತಿ,” ಎಂದು ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಡುತ್ತಿದ್ದ.

ಬರುಬರುತ್ತಾ ಕೆಮ್ಮು ಶುರುವಾಯಿತು. “ಬಳ್ಳಾರಿಗೆ ಹೋಗಿ ತೋರಸ್ರಿ,” ಎಂದಳು ಅಮ್ಮ.

“ಧೂಳಿನ ನೆಗಡಿಗೆ ಬಳ್ಳಾರಿತನಕ ಮೆರವಣಿಗಿ ಯಾಕ? ಸುಗ್ಗಿ ಮುಗದ್ರ ಅದೂ ಮುಗೀತೈತಿ.”

ಸುಗ್ಗಿ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಬಳ್ಳಾರಿಗೆ ಹೋಗುವಷ್ಟರಲ್ಲಿ ತಡವಾಗಿತ್ತು, ಅಪ್ಪ ಉಳಿಯಲಿಲ್ಲ.

ಈಗ ಅದೇ ಗಿರಣಿಯಲ್ಲಿ ಅಮ್ಮ ಅಕ್ಕಿ ಕೇರುತ್ತಾಳೆ. ತಿಂಗಳಿಂದ ಕೆಮ್ಮುತ್ತಿದ್ದಾಳೆ.

“ಬರೇ ನೆಗಡಿ ಐತಿ,” ಎಂದಳು.

ಗಿರಣಿಗೆಂದು ಅವಳು ಕಟ್ಟಿಕೊಂಡಿದ್ದ ಬುತ್ತಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಇವತ್ತು ನಾವಿಬ್ಬರೂ ಬಳ್ಳಾರಿ ಬಸ್ಸು ಹತ್ತುತ್ತೇವೆ.