ಆಪರೇಷನ್ ಎಂದದ್ದೇ ತಡ, ಕ್ಯೂ ಖಾಲಿ!

“ಬೆಹನ್‌ಜೀ, ನಮ್ಮನ್ನೆಲ್ಲ ನೋಡಿ ಏನು ಬರೀತಿದ್ದೀರಿ?” ದಿಲ್ಲಿಯ ಸರೋಜಿನಿ ನಗರದ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ ಗುಮಾಸ್ತನೊಬ್ಬ ಹಿಂದಿಯಲ್ಲಿ ಕೇಳಿದ. ಜನ ಬಸ್ಸಿಗೆ ಕಾಯುವ ಹೊತ್ತನ್ನು ಗಣಿತದಿಂದ ತಗ್ಗಿಸುವುದು ಹೇಗೆಂದು ತಿಳಿಯಲು, ವಿದ್ಯಾರ್ಥಿನಿಯರಾಗಿದ್ದ ಗೆಳತಿ ವಿಮಲಾ ಮತ್ತು ನಾನು ಅಲ್ಲಿ ಗಡಿಯಾರ ನೋಡಿ ಬರೆದುಕೊಳ್ಳುತ್ತಾ ನಿಂತಿದ್ದೆವು.

“ಆಪರೇಷನ್ಸ್ ರಿಸರ್ಚ್!” ವಿಮಲಾ ನಮ್ಮ ವಿಷಯದ ಹೆಸರನ್ನು ಹೆಮ್ಮೆಯಿಂದ ಹೇಳಿದಳು.

ಅದು ತುರ್ತು ಪರಿಸ್ಥಿತಿಯ ಕಾಲ. ಗಂಡಸರನ್ನು ಹಿಡಿದೊಯ್ದು ಸಂತಾನಹರಣ ಆಪರೇಷನ್ ಮಾಡಿಸುತ್ತಾರೆಂದು ದಿಲ್ಲಿಯೇ ಹೆದರಿಕೊಂಡಿತ್ತು. ಆತನ ಕಿವಿಗೆ ಬಿದ್ದದ್ದು ಮೊದಲ ಪದ ಮಾತ್ರ. ಎದ್ದೆನೋ ಬಿದ್ದೆನೋ ಎಂದು ಓಡಿದ. ಅವನ ಹಿಂದೆಯೇ ಕ್ಯೂನಲ್ಲಿದ್ದ ಗಂಡಸರೆಲ್ಲ ಮಾಯ!

ಪಾಪ, ಆ ಗುಮಾಸ್ತ ಊಟದ ಡಬ್ಬಿ ಅಲ್ಲೇ ಬಿಟ್ಟಿದ್ದ. “ಭಯ್ಯಾ, ನಿಮ್ಮ ಡಬ್ಬಿ! ನಮ್ಮದು ಬರೀ ಗಣಿತ!” ಎಂದು ವಿಮಲಾ ಬೆನ್ನಟ್ಟಿದಷ್ಟೂ ಆತನ ಓಟ ಜೋರಾಯಿತು. ಕೊನೆಗೆ ಅವಳು ಡಬ್ಬಿಯನ್ನು ಫುಟ್‌ಪಾತಿನ ಮೇಲಿಟ್ಟು ದೂರ ಸರಿದು ನಿಂತ ಮೇಲೆಯೇ ಆತ ಬಂದು, ನಮ್ಮ ಮೇಲಿಂದ ಕಣ್ಣು ತೆಗೆಯದೆ ಅದನ್ನೆತ್ತಿಕೊಂಡು ಹೋದ. ಅಷ್ಟು ಹೊತ್ತು ಬಿದ್ದು ಬಿದ್ದು ನಗುತ್ತಿದ್ದ ನಾನು ಅದನ್ನು ಕಂಡು ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದೆ.

ಅಂದಿನಿಂದ ಏನು ಓದುತ್ತೀರೆಂದು ಯಾರು ಕೇಳಿದರೂ ‘ಲೆಕ್ಕ’ ಎನ್ನತೊಡಗಿದೆವು. ಅದನ್ನು ಕೇಳಿಯೂ ಜನ ದೂರ ಸರಿಯುತ್ತಿದ್ದರು. ಆದರೆ ಯಾರೂ ಓಡುತ್ತಿರಲಿಲ್ಲ.