ಸುಣ್ಣದ ಕೆಳಗಿನ ಕಪ್ಪು ಗಾಯ

ಆ ಬೇಸಿಗೆ ಮೇಗುಂದದ ಕಡೆಯ ಕಾಡಿನಲ್ಲಿ ಮಂಗ ಸತ್ತುಬಿದ್ದಿತ್ತು. ಕೊಟ್ಟಿಗೆಗೆಂದು ಅಲ್ಲಿಂದಲೇ ಒಣ ದರಗೆಲೆ ಗುಡಿಸಿ ತಂದಿದ್ದ ನನ್ನ ಗಂಡನಿಗೆ ಕೆಲವೇ ದಿನಕ್ಕೆ ಜ್ವರ ಬಂತು. ಇಷ್ಟೇ ಸಾಕಾಯಿತು. ರಕ್ತ ಪರೀಕ್ಷೆಗೆ ಹೋಗುವ ಮೊದಲೇ ಊರೆಲ್ಲ ಕಾಯಿಲೆಗೆ ಹೆಸರಿಟ್ಟಾಗಿತ್ತು.

"ಮಂಗನ ಮೈಮೇಲಿನ ಉಣುಗು ಕಚ್ಚಿತ್ತಾ?" ಎಂದು ಮೊದಲು ನೋಡಿದ ಡಾಕ್ಟರು ಕೇಳಿದರು. ಇವರು ಪಂಚೆ ಸರಿಸಿ ಸೊಂಟದ ಮೇಲಿನ ಸುಣ್ಣದ ಮೆತ್ತೆ ತೋರಿಸಿದರು. ನಮ್ಮಲ್ಲಿ ಯಾವ ಹುಳ ಕಚ್ಚಿದರೂ ಎಲೆಯಡಿಕೆ ತಟ್ಟೆಯ ಸುಣ್ಣವೇ ಮದ್ದು. ಡಾಕ್ಟರು ಅದನ್ನು ಒರೆಸಿ ನೋಡಲಿಲ್ಲ.

"ಮಂಗನ ಕಾಯಿಲೆನೇ ಇರ್ಬೇಕಮ್ಮ. ಇದಕ್ಕೆ ಅಂತ ಮದ್ದಿಲ್ಲ. ಜ್ವರ ತಾನಾಗೇ ಇಳೀಬೇಕು."

ಇಳಿಯಲಿಲ್ಲ. ಕಣ್ಣು ಹಳದಿಯಾಯಿತು, ಏದುಸಿರು ಬಂತು. ನೋಡಲು ಬಂದವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದರು. ಇವರಿಲ್ಲದ ಮನೆಯನ್ನು ನೆನೆಸಿಕೊಳ್ಳಬಾರದೆಂದಷ್ಟೂ ಅದೇ ಕಣ್ಣಮುಂದೆ ಬರುತ್ತಿತ್ತು. ಮದ್ದೇ ಇಲ್ಲ ಅಂದಮೇಲೆ ಯಾರ ಕಾಲು ಹಿಡಿಯುವುದು?

ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಲ್ಲವೆಂದು ಬಂತು. ಆಮೇಲೂ ಅದೇ ಡಾಕ್ಟರು, "ಕಾಯಿಲೆ ಇದ್ರೂ ಕೆಲವು ಸಲ ಹಾಗೆ ಬರ್ತದೆ" ಎಂದರು. ಅಷ್ಟರಲ್ಲಿ ಇವರು ನನ್ನ ಗುರುತನ್ನೇ ಮರೆತರು. ನಾನು ಹಟ ಹಿಡಿದು ಶಿವಮೊಗ್ಗಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಇವರ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಕೂತಿದ್ದೆ.

ಅಲ್ಲಿನ ಡಾಕ್ಟರಮ್ಮ ಬಟ್ಟೆ ತೆಗೆಸಿ ಮೈಯೆಲ್ಲ ನೋಡಿದರು. ಒದ್ದೆ ಹತ್ತಿಯಿಂದ ಸುಣ್ಣ ಒರೆಸಿದರು. ಕೆಳಗೆ ಬೀಡಿ ತಾಗಿಸಿ ಸುಟ್ಟಂಥ ಕಪ್ಪು ಹಕ್ಕಳೆ.

"ಇದು ಉಣುಗಿನದ್ದಲ್ಲ, ಪೊದೆಯ ನುಸಿ ಕಚ್ಚಿದ್ದು. ಬೇರೆಯೇ ಜ್ವರ. ಇದಕ್ಕೆ ಮದ್ದಿದೆ. ಇಷ್ಟು ತಡ ಯಾಕೆ ಮಾಡಿದಿರಿ?"

ಮದ್ದಿದೆ ಎಂಬ ಮಾತಿಗೆ ಅಳು ಬಂತು, ತಡ ಎಂಬ ಮಾತಿಗೆ ಮೈ ಉರಿಯಿತು. ಮಾತ್ರೆ ಶುರುವಾದ ಎರಡನೇ ದಿನಕ್ಕೆ ಜ್ವರ ಬಿಟ್ಟಿತು. ಇವರು ಬದುಕಿದರು, ಆದರೆ ಎರಡೂ ಕಿವಿ ಮಂದವಾದವು. ಡಾಕ್ಟರಮ್ಮ ನಿಧಾನಕ್ಕೆ ಸರಿಹೋದೀತು ಎಂದಿದ್ದರು. ಇನ್ನೂ ಸರಿಹೋಗಿಲ್ಲ.

ಮೊನ್ನೆ ಸಂಜೆ ತೋಟದಿಂದ ಬಂದ ಇವರು ಜಗಲಿಯಲ್ಲಿ ನನಗೆ ಬೆನ್ನು ಹಾಕಿ ಕೂತು ಮೊಣಕಾಲ ಹಿಂದೆ ಏನೋ ಕೆರೆದುಕೊಳ್ಳುತ್ತಿದ್ದರು. ಇನ್ನೊಂದು ಕೈ ಎಲೆಯಡಿಕೆ ತಟ್ಟೆಯ ಕಡೆ ಹೋಯಿತು.

"ಹಚ್ಬೇಡಿ! ಮೊದ್ಲು ನಂಗೆ ತೋರ್ಸಿ!" ಒಳಗಿನಿಂದ ಕಿರುಚುತ್ತಾ ಓಡಿದೆ.

ಇವರಿಗೆ ಕೇಳಲಿಲ್ಲ. ನಾನು ಹತ್ತಿರ ಬರುವಷ್ಟರಲ್ಲಿ ಸುಣ್ಣ ಹಚ್ಚಿಯಾಗಿತ್ತು.