ಶೇಷಪ್ಪನ ದೃಶ್ಯವನ್ನು ನಾನು ಹಾರಿಸಿದೆ

ಕೊಪ್ಪದ ಟಾಕೀಸಿನಲ್ಲಿ ಆ ಚಿತ್ರದಿಂದ ಭಂಡಿಗಡಿ ಶೇಷಪ್ಪನನ್ನು ಕತ್ತರಿಸಿ ತೆಗೆದವನು ನಾನು. ಬೆಂಗಳೂರಿನ ಕಂಪನಿಯವರಲ್ಲ, ಸೆನ್ಸಾರಿನವರಲ್ಲ, ಟಾಕೀಸಿನ ಆಗಿನ ಸಾಹುಕಾರರೂ ಅಲ್ಲ—ನಾನು, ಆಪರೇಟರ್ ವಾಸು. ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು ಬ್ಲೇಡಿನಿಂದ ರೀಲು ಕುಯ್ದೆ, ಎರಡು ತುದಿಗಳನ್ನು ಅಂಟಿಸಿದೆ, ಕೆಳಗಿಳಿದು ಬಂದು ಚಹಾ ಕುಡಿದೆ. ಆ ತುಂಡಿನಲ್ಲಿ ಶೇಷಪ್ಪನ ಮುಖವಿತ್ತು, ಅವನ ಒಂದು ಮಾತಿತ್ತು. ಅದು ಇಲ್ಲವಾದ್ದರಿಂದ ಸುಳ್ಳೇ ಬಾರದ ಮನುಷ್ಯನೊಬ್ಬ ಆಯುಷ್ಯದ ಬಹುಪಾಲು ಸುಳ್ಳುಗಾರ ಎನಿಸಿಕೊಂಡು ಬದುಕಿದ.

ಟಾಕೀಸು ಎಂದರೆ ಆಗ ನಮಗೆ ಏನಾಗಿತ್ತು—ಅದನ್ನು ಹೇಳದಿದ್ದರೆ ನಾನು ಕಿತ್ತುಕೊಂಡದ್ದು ಏನೆಂದು ನಿಮಗೆ ತಿಳಿಯುವುದಿಲ್ಲ. ಸಂಜೆ ಚಾವಣಿಯ ಮೇಲಿನ ಸ್ಪೀಕರಿನಲ್ಲಿ ಹಾಡು ಹಾಕಿದೆನೆಂದರೆ ಪೇಟೆಯ ಅಂಗಡಿಗಳಲ್ಲಿ ಸಾಮಾನು ಕಟ್ಟುವವರ ಕೈ ಚುರುಕಾಗುತ್ತಿತ್ತು. ಬಸರೀಕಟ್ಟೆ ಕಡೆಯ ತೋಟಗಳಿಂದ ಜೀಪುಗಳು ಬರುತ್ತಿದ್ದವು. ಒಳಗೆ ಕೂತವರಿಗಿಂತ ಹೊರಗೆ ಜೋತುಬಿದ್ದವರೇ ಹೆಚ್ಚು. ನೆಲ, ಬೆಂಚು, ಕುರ್ಚಿ—ಮೂರು ದರ್ಜೆ. ಆದರೆ ದೀಪ ಆರಿದ ಮೇಲೆ ಕುರ್ಚಿಯವರೂ ನೆಲದವರೂ ಒಂದೇ ಜಾಗದಲ್ಲಿ ನಗುತ್ತಿದ್ದರು, ಒಂದೇ ಜಾಗದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾಯಕ ಮೊದಲ ಸಲ ಕಾಣಿಸಿಕೊಂಡಾಗ ಮುಷ್ಟಿಗಟ್ಟಲೆ ಕಾಗದದ ಚೂರು ಹಾರಿ, ನನ್ನ ಕಿಂಡಿಯಿಂದ ಹೊರಟ ಬೆಳಕಿನಲ್ಲಿ ಮಿಂಚಿ ಬೀಳುತ್ತಿದ್ದವು. ನನಗೆ ಹಿಂದಿನಿಂದ ಬರೀ ತಲೆಗಳು ಕಾಣುತ್ತಿದ್ದವು. ಆದರೂ ಯಾವ ತಲೆ ನಗುತ್ತಿದೆ, ಯಾವ ತಲೆ ಅಳುತ್ತಿದೆ ಎಂದು ಗೊತ್ತಾಗಿಬಿಡುತ್ತಿತ್ತು. ಅಷ್ಟು ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಆ ತಲೆಗಳಿಗೆಲ್ಲ ರಾಜ ಶೇಷಪ್ಪ. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು. ಶುಕ್ರವಾರ ಹೊಸ ಚಿತ್ರ ಬಂದರೆ ನೆಲದ ಮೊದಲ ಸಾಲಿನಲ್ಲಿ ಅವನಿರಲೇಬೇಕು. ಮಳೆಗಾಲದಲ್ಲಿ ತಗಡಿನ ಚಾವಣಿಯ ಮೇಲೆ ಮಳೆ ಜಡಿಯುವಾಗ ಪರದೆಯಲ್ಲಿ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಗ ಶೇಷಪ್ಪ ಎದ್ದುನಿಂತು ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದ. ಅವನ ಬಾಯಲ್ಲಿ ಖಳನಾಯಕ ಆಳುಗಳ ಲೆಕ್ಕ ಬರೆಯುವ ಕಾಫಿ ತೋಟದ ರೈಟರನ ಹಾಗೆ ಗದರುತ್ತಿದ್ದ. ನಾಯಕಿ, ‘ಹೋಗಿ ಮಾರಾಯ್ರೆ, ನಂಗೆ ಮುಸುರೆ ತಿಕ್ಕೋದಿದೆ’ ಎಂದು ನಾಚುತ್ತಿದ್ದಳು. ಹೆಂಗಸರ ಕಡೆಯಿಂದ ಬಳೆ ಸದ್ದಿನ ಜೊತೆ ನಗು ಏಳುತ್ತಿತ್ತು. ಮಳೆ ನಿಂತರೆ ಜನ ಬೇಸರಪಡುತ್ತಿದ್ದರು.

ಇನ್ನು ನನ್ನ ಕೆಲಸದ ಒಂದು ಗುಟ್ಟು ಹೇಳಬೇಕು. ಮೊದಲ ಆಟ ಬಿಡುವ ಹೊತ್ತಿಗೆ ಶೃಂಗೇರಿ ಕಡೆಯ ಕೊನೆಯ ಬಸ್ಸು ಹೊರಡುತ್ತಿತ್ತು. ಚಿತ್ರ ಉದ್ದವಾದರೆ ಬಸ್ಸು ತಪ್ಪುತ್ತದೆ. ಒಮ್ಮೆ ತಪ್ಪಿದರೆ ಆ ಕಡೆಯವರು ಮತ್ತೆ ಬರುವುದಿಲ್ಲ. ಹಾಗಾಗಿ ಉದ್ದದ ಚಿತ್ರದಲ್ಲಿ ಎಲ್ಲಾದರೂ ಸ್ವಲ್ಪ ಹಾರಿಸುವುದು ವಾಡಿಕೆ—ಒಂದು ಹಾಡೋ, ಒಂದು ಹಾಸ್ಯದ ತುಂಡೋ. ರೀಲಿನ ಡಬ್ಬಿ ಮುಂದಿನ ಊರಿಗೆ ಹೋಗುವ ಮೊದಲು ಆ ತುಂಡನ್ನು ಮತ್ತೆ ಅಂಟಿಸಿಬಿಡುತ್ತಿದ್ದೆ. ‘ಬಸ್ಸಿಗೆ ಸಮ ಮಾಡು’ ಎನ್ನುತ್ತಿದ್ದರು ಸಾಹುಕಾರರು, ಅಷ್ಟೆ. ಏನನ್ನು ಹಾರಿಸಿದೆ ಎಂದು ಅವರು ಕೇಳುತ್ತಿರಲಿಲ್ಲ. ನೋಡುವವರಿಗಂತೂ ಹೋದದ್ದೇನೆಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಊರು ಏನು ನೋಡಬೇಕು, ಏನು ನೋಡಬಾರದು—ಅದು ನನ್ನ ಕೈಯಲ್ಲಿತ್ತು.

ಒಂದು ಬೇಸಗೆಯಲ್ಲಿ ನೆಮ್ಮಾರಿನ ರಸ್ತೆಯಲ್ಲಿ ಚಿತ್ರೀಕರಣಕ್ಕೆ ಬಂದರು. ಬಸ್ಸಿಗೆ ಕಾಯುವ ಗುಂಪಿಗೆ ಊರಿನ ಜನ ಬೇಕೆಂದರು. ನಾನು ಹೊಸ ನೀಲಿ ಟೆರಿಲಿನ್ ಶರ್ಟು ತೊಟ್ಟು ಹೋದೆ. ‘ಸಿನಿಮಾದವರಿಗೆ ಸಿನಿಮಾದವನ ಗುರುತು ಸಿಗದೆ ಇರ್ತದಾ?’ ಎಂದು ಶೇಷಪ್ಪನ ಹತ್ತಿರ ಜಂಬ ಬೇರೆ. ಅವನು ನನ್ನ ಜೊತೆಗೆಂದು ಬಂದವನು; ನಮ್ಮ ಕಡೆಯಿಂದ ಹೋದವರು ನಾವಿಬ್ಬರೇ. ನೆಮ್ಮಾರಿನಲ್ಲಿದ್ದ ಸೋದರತ್ತೆಗೆ ಕೊಡಲು ಹೆಗಲ ಮೇಲೊಂದು ಬಾಳೆಗೊನೆ ಹೊತ್ತಿದ್ದ.

ನಾನು ಮತ್ತೆ ಮತ್ತೆ ಕ್ಯಾಮೆರಾವನ್ನೇ ನೋಡಿದೆ. ನಿರ್ದೇಶಕರಿಗೆ ರೇಗಿತು. ‘ಆ ನೀಲಿ ಶರ್ಟನ್ನ ಅಲ್ಲಿಂದ ತೆಗೀರಿ’ ಎಂದರು. ಮನುಷ್ಯನನ್ನಲ್ಲ, ಶರ್ಟನ್ನು. ಎಲ್ಲರೂ ನಕ್ಕರು. ನಾನು ಒಂದು ಜೀಪಿನ ಹಿಂದೆ ಹೋಗಿ ನಿಂತೆ.

ಆಮೇಲೆ ನಾಯಕ ಓಡಿ ಬಂದ, ಬಸ್ಸು ಧೂಳೆಬ್ಬಿಸಿ ಹೋಯಿತು, ಅವನು ಮೋರಿಯ ಕಟ್ಟೆ ಮೇಲೆ ತಲೆಗೆ ಕೈಕೊಟ್ಟು ಕುಸಿದ. ದೃಶ್ಯ ಅಷ್ಟೇ. ಆದರೆ ಶೇಷಪ್ಪ ಸುಮ್ಮನಿರಬೇಕಲ್ಲ—ಅವನಿಗೆ ನಿಜವಾಗಿಯೂ ಕನಿಕರವಾಯಿತು. ಗೊನೆ ಹೊತ್ತುಕೊಂಡೇ ಹತ್ತಿರ ಹೋಗಿ ಹೇಳಿದ:

‘ಬಸ್ಸು ಹೋದ್ರೆ ಹೋಗ್ಲಿ ಮಾರಾಯ್ರೆ. ಮನೆಗೆ ಬನ್ನಿ, ಊಟ ಮಾಡುವ.’

ಬೈಯುತ್ತಾರೆಂದುಕೊಂಡೆ. ನಿರ್ದೇಶಕರು ಕುರ್ಚಿಯಿಂದ ಹಾರಿ ಎದ್ದು ಅವನನ್ನು ತಬ್ಬಿಕೊಂಡರು. ಮತ್ತೊಮ್ಮೆ ಹೇಳಿಸಿದರು, ಹತ್ತಿರದಿಂದ ತೆಗೆದರು, ದನಿಯನ್ನೂ ಅವನದೇ ಉಳಿಸಿಕೊಂಡರು. ಜೀಪಿನ ಹಿಂದೆ ನಿಂತು ನಾನು ಎಲ್ಲವನ್ನೂ ನೋಡಿದೆ. ಅವನ ಮೇಲೆ ನನಗೇನು ಸಿಟ್ಟು? ಅವನು ನನಗೇನೂ ಮಾಡಿರಲಿಲ್ಲ. ಆದರೂ—

ಚಿತ್ರ ಕೊಪ್ಪಕ್ಕೆ ಬಂದ ದಿನ ಶೇಷಪ್ಪ ಮೊದಲ ಸಲ ಕುರ್ಚಿಯ ಟಿಕೆಟು ತೆಗೆದ. ಬಾಳೆಗೊನೆಯ ಕಥೆಯನ್ನು ಊರಿಗೆಲ್ಲ ಹೇಳಿಕೊಂಡಿದ್ದ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಕಮಲ, ಎನ್.ಆರ್. ಪುರದಿಂದ ಬಂದ ಅತ್ತೆ ಮಾವ, ಭಂಡಿಗಡಿಯ ಅರ್ಧ ಜನ. ಅದಕ್ಕೂ ಮೊದಲು, ಬೆಳಗ್ಗೆ ಡಬ್ಬಿ ಬಂದ ಕೂಡಲೇ, ನಾನು ಖಾಲಿ ಟಾಕೀಸಿನಲ್ಲಿ ಚಿತ್ರ ಓಡಿಸಿ ನೋಡಿದ್ದೆ. ಶೇಷಪ್ಪನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಎಷ್ಟು ಚೆನ್ನಾಗಿತ್ತು! ಇಡೀ ಚಿತ್ರದಲ್ಲಿ ಜೀವವಿದ್ದ ಗಳಿಗೆ ಅದೊಂದೇ. ನಾನು ಎಲ್ಲಿಯೂ ಇರಲಿಲ್ಲ. ಜೀಪಿನ ಹಿಂದೆ ಒಂದು ಮೊಳಕೈ ಕಂಡಿತು, ಅದು ನನ್ನದಿರಬಹುದು.

ಚಿತ್ರ ಉದ್ದವಿತ್ತು. ‘ಬಸ್ಸಿಗೆ ಸಮ ಮಾಡು’ ಎಂದರು ಸಾಹುಕಾರರು. ಹಾರಿಸಲು ಯಾರಿಗೂ ಬೇಡದ ಉದ್ದನೆಯ ಹಾಡೊಂದು ಇತ್ತು. ಅದನ್ನು ಬಿಟ್ಟೆ. ಬ್ಲೇಡು ಕೈಗೆತ್ತಿಕೊಂಡೆ. ಆ ಪುಟ್ಟ ತುಂಡಿನಿಂದ ಬಸ್ಸಿಗೆ ಏನೂ ಸಮವಾಗುವುದಿಲ್ಲವೆಂದು ಗೊತ್ತಿದ್ದೇ ಕುಯ್ದೆ.

ಮಧ್ಯಂತರದ ನಂತರ ನಾಯಕ ಓಡಿ ಬಂದ, ಬಸ್ಸು ಧೂಳೆಬ್ಬಿಸಿತು. ಭಂಡಿಗಡಿಯವರು ಆಗಲೇ ಸಿಳ್ಳೆಗೆ ಬೆರಳು ಬಾಯಿಗಿಟ್ಟಿದ್ದರು. ಮರುಕ್ಷಣ ನಾಯಕ ಪೇಟೆಯ ಮನೆಯೊಂದರಲ್ಲಿ ಕಾಫಿ ಕುಡಿಯುತ್ತಿದ್ದ. ಶೇಷಪ್ಪ ತಿರುಗಿ ನನ್ನ ಕಿಂಡಿಯ ಕಡೆ ನೋಡಿದ. ನಾನು ಹಿಂದೆ ಸರಿದೆ. ಅವನು ಕೊನೆಯವರೆಗೂ ಕೂತ—ಇನ್ನೆಲ್ಲಾದರೂ ಬರಬಹುದೆಂದು. ದೀಪ ಹತ್ತಿದಾಗ ಯಾರೋ ಕೂಗಿದರು: ‘ಏ ಶೇಷ, ಬಾಳೆಗೊನೆ ಹಣ್ಣಾಗ್ಲಿಕ್ಕೆ ಇಟ್ಟಿದೀಯನಾ?’ ಟಾಕೀಸೇ ನಕ್ಕಿತು. ಅವನ ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರನಡೆದರು.

ಶೇಷಪ್ಪ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದ. ನೇರವಾಗಿ ಕೇಳಿದ: ‘ವಾಸು, ನೀನೇನಾದ್ರೂ ಹಾರಿಸಿದ್ಯನಾ?’

‘ನಾನ್ಯಾಕೆ ಹಾರಿಸ್ಲಿ ಮಾರಾಯ? ಬೆಂಗಳೂರಲ್ಲೇ ಕಟ್ ಮಾಡಿದಾರೆ. ನೀನು ಸರಿ ಮಾಡಿಲ್ಲ ಕಾಣ್ತದೆ.’

ಕೊನೆಯ ಆ ಮಾತು... ಅದನ್ನು ಆಡದೆಯೂ ಇರಬಹುದಿತ್ತು. ತುಂಡು ಆಗ ನನ್ನ ಜೇಬಿನಲ್ಲೇ ಇತ್ತು.

ಡಬ್ಬಿ ಹೋಗುವ ಮೊದಲು ಅದನ್ನು ಮತ್ತೆ ಅಂಟಿಸಿದೆ. ಹಾಗಾಗಿ ತರೀಕೆರೆಯಲ್ಲಿ ಶೇಷಪ್ಪನ ಭಾವ ಚಿತ್ರ ನೋಡಿ ಓಡೋಡಿ ಬಂದ: ‘ನೀನಿದೀಯ ಮಾರಾಯ, ನಾನೇ ನೋಡಿದೆ!’ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು—ಶೇಷಪ್ಪ ಈಗ ಸುಳ್ಳುಸಾಕ್ಷಿಯನ್ನೂ ಕರೆಸಿದ್ದಾನೆ ಎಂದು. ಚಿತ್ರ ಎಲ್ಲಿಯೂ ಓಡಲಿಲ್ಲ, ಮತ್ತೆ ಈ ಕಡೆ ಬರಲಿಲ್ಲ. ಬೆಂಗಳೂರಲ್ಲಿ ಕಟ್ ಮಾಡಿದಾರಂತೆ ಎಂದು ಹೇಳಿಕೊಂಡದ್ದಕ್ಕೆ ಅವನಿಗೆ ಕತ್ರಿ ಶೇಷಪ್ಪ ಎಂಬ ಹೆಸರು ಅಂಟಿತು. ಅವನು ಏನು ಹೇಳಿದರೂ, ‘ಇದೂ ಪಿಕ್ಚರ್ ತರದ್ದಾ?’ ಎನ್ನುವರು. ಮಗಳಿಗೆ ಗಂಡು ನೋಡುವಾಗಲೂ ಯಾರೋ ಆ ಕಡೆಯವರಿಗೆ ಈ ಕಥೆ ಹೇಳಿ ನಗಾಡಿದ್ದರಂತೆ. ಶೇಷಪ್ಪ ಮತ್ತೆ ಟಾಕೀಸಿನೊಳಗೆ ಕಾಲಿಡಲಿಲ್ಲ. ಮಳೆಗಾಲದಲ್ಲಿ ಮಾತು ಕೇಳದೆ ಜನ ಸುಮ್ಮನೆ ಕೂತಿರುತ್ತಿದ್ದರು. ಆ ಮೌನ ನನ್ನ ಕೋಣೆಗೆ ಕೇಳಿಸುತ್ತಿತ್ತು.

ಈಚೆಗೆ, ಫೋನಿನಲ್ಲಿ ಹಳೆಯ ಚಿತ್ರಗಳನ್ನು ನೋಡುವ ಚಟ ಹತ್ತಿದ ಮೇಲೆ, ಒಂದು ಮಧ್ಯಾಹ್ನ ಆ ಚಿತ್ರ ಎದುರಿಗೆ ಬಂತು. ಯಾರೋ ಹಾಕಿದ್ದರು. ಮಸುಕಾಗಿತ್ತು, ಗೆರೆ ಬಿದ್ದಿತ್ತು. ಆದರೆ ಧೂಳು ಇಳಿಯುತ್ತಲೇ ಬಾಳೆಗೊನೆ ಹೊತ್ತು ಶೇಷಪ್ಪ ಬಂದೇ ಬಂದ. ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿದೆ.

ಇದನ್ನೂ ಒಪ್ಪಿಕೊಳ್ಳುತ್ತೇನೆ: ಮೊದಲು ಬಂದ ಯೋಚನೆ, ಸಾಹುಕಾರರ ಮೇಲೆ ಹಾಕಿಬಿಡೋಣ ಎಂಬುದು. ಅವರು ತೀರಿಕೊಂಡಿದ್ದಾರೆ, ಕೇಳುವವರಿಲ್ಲ. ಆ ಯೋಚನೆಯೊಂದಿಗೆ ಕೆಲವು ದಿನ ಕಳೆದೆ ಕೂಡ. ಒಂದು ತಪ್ಪನ್ನು ಮುಚ್ಚಲು ಇನ್ನೊಬ್ಬ ನಿರಪರಾಧಿಯನ್ನು ಹುಡುಕುತ್ತಿದ್ದೇನಲ್ಲ ಎಂದು ಹೊಳೆದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಬಸ್ಸು ಹತ್ತಿ ಭಂಡಿಗಡಿಗೆ ಹೋದೆ.

ಶೇಷಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ನಿಂತೇ ಎಲ್ಲವನ್ನೂ ಹೇಳಿದೆ. ಮಸೆಯುವುದನ್ನು ನಿಲ್ಲಿಸದೆ ಕೇಳಿದ. ಫೋನು ಚಾಚಿದೆ. ಅವನು ಅದರತ್ತ ನೋಡಲೂ ಇಲ್ಲ.

‘ಅಂಗೈಯಗಲದಲ್ಲಿ ನೋಡ್ಲಿಕ್ಕೆ ನಾನು ಅವತ್ತು ಮಾವನ ಮನೆಯವ್ರನ್ನ ಕರೆಸಿದ್ನನಾ? ಎಲ್ಲಿ ತೆಗೆದ್ಯೋ ಅಲ್ಲೇ ತೋರ್ಸು. ನಕ್ಕೋರು ಇನ್ನೂ ಎಷ್ಟು ಜನ ಬದುಕಿದಾರೆ, ಅವ್ರನ್ನೆಲ್ಲ ಕರಿ. ತೆಗೆದಿದ್ದು ನೀನು ಅಂತ ಮೊದ್ಲು ಮೈಕಲ್ಲಿ ಹೇಳು. ಹೇಳ್ತೀಯಾ?’

‘ಹೇಳ್ತೇನೆ.’

‘ಹಂಗಾದ್ರೆ ಬರ್ತೇನೆ. ಈಗ ಹೋಗು.’

ಕಮಲ ಚಹಾ ತಂದಿದ್ದರು. ನಾನು ಹೊರಟದ್ದನ್ನು ನೋಡಿ ಲೋಟವನ್ನು ಒಳಗೆ ತೆಗೆದುಕೊಂಡು ಹೋದರು.

ಟಾಕೀಸನ್ನು ಈಗ ನಡೆಸುತ್ತಿರುವವರು ಸಾಹುಕಾರರ ಮಗಳು ವಸುಧಾ. ವಿಷಯವನ್ನೆಲ್ಲ ಕೇಳಿದರು. ‘ಅಪ್ಪನಿಗೆ ಗೊತ್ತಿತ್ತಾ?’ ಎಂದರು. ಇಲ್ಲ ಎಂದೆ. ಆಮೇಲೆ ಅವರೇ ಚಿತ್ರದ ಹಕ್ಕಿನವರ ಬೆನ್ನುಹತ್ತಿ ಅನುಮತಿ ತಂದರು, ಒಂದು ಭಾನುವಾರ ಬೆಳಗಿನ ಆಟ ಗೊತ್ತುಮಾಡಿದರು. ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಶೃಂಗೇರಿಯಿಂದ, ಎನ್.ಆರ್. ಪುರದಿಂದ, ಬಸರೀಕಟ್ಟೆಯಿಂದ ಜನ ಬಂದರು. ತರೀಕೆರೆಯ ಆ ಭಾವ ಕೋಲೂರಿಕೊಂಡು ಬಂದು, ಕಂಡಕಂಡವರಿಗೆಲ್ಲ, ‘ನಾನು ಅವತ್ತೇ ಹೇಳಿರ್ಲಿಲ್ವಾ?’ ಎನ್ನುತ್ತಿದ್ದ. ಕೂರಲು ಜಾಗ ಸಾಲದೆ ಗೋಡೆಗೊರಗಿ ನಿಂತರು.

ನಾನು ಪರದೆಯ ಮುಂದೆ ನಿಂತು ಮೈಕು ಹಿಡಿದೆ. ಜೀವನದಲ್ಲಿ ಮೊದಲ ಬಾರಿಗೆ ಆ ಜನರ ತಲೆಗಳಲ್ಲ, ಮುಖಗಳು ಕಂಡವು. ‘ಶೇಷಪ್ಪ ಸುಳ್ಳು ಹೇಳಿರ್ಲಿಲ್ಲ. ಸುಳ್ಳು ಹೇಳಿದ್ದು ನಾನು. ಅವನ ದೃಶ್ಯ ಕುಯ್ದಿದ್ದು ನಾನು. ಹೊಟ್ಟೆಕಿಚ್ಚಿಗೆ.’ ಅಷ್ಟೇ ಹೇಳಲಾಯಿತು. ಯಾರೋ ‘ಥೂ’ ಎಂದರು. ಸರಿಯೇ. ಎರಡನೇ ಸಾಲಿನಿಂದ ಕಮಲ ಕೇಳಿದರು:

‘ಇವತ್ತು ಬ್ಲೇಡು ತಂದಿಲ್ಲ ತಾನೆ?’

ನಗು ಸಿಡಿಯಿತು. ನಗುವಿನಲ್ಲೇ ದೀಪ ಆರಿತು.

ನಾಯಕ ಓಡಿ ಬಂದ. ಬಸ್ಸು ಹೋಯಿತು. ಧೂಳು. ಧೂಳಿನೊಳಗಿಂದ ಗೊನೆ ಹೊತ್ತ ಹುಡುಗ ಬಂದ, ಗೋಡೆಯಷ್ಟು ದೊಡ್ಡ ಮುಖ, ಕಣ್ಣಿನಲ್ಲಿ ನಿಜವಾದ ಕನಿಕರ: ‘ಬಸ್ಸು ಹೋದ್ರೆ ಹೋಗ್ಲಿ ಮಾರಾಯ್ರೆ...’

ಮುಂದಿನದು ಯಾರಿಗೂ ಕೇಳಲಿಲ್ಲ. ಸಿಳ್ಳೆ, ಕೇಕೆ, ಕಾಲಿನ ಬಡಿತ—ಆ ಟಾಕೀಸಿನಲ್ಲಿ ಯಾವ ದೊಡ್ಡ ನಾಯಕನಿಗೂ ಅಂಥ ಸ್ವಾಗತ ಸಿಕ್ಕಿದ್ದನ್ನು ನಾನು ನೋಡಿಲ್ಲ. ‘ಒನ್ಸ್ ಮೋರ್!’ ಎಂದು ಹೆಂಗಸರೇ ಮೊದಲು ಕೂಗಿದರು. ವಸುಧಾ ಹಿಂದಕ್ಕೆ ಹೋಗಿ ಮತ್ತೆ ಹಾಕಿಸಿದರು. ಮತ್ತೂ ಕೂಗಿದರು, ಮತ್ತೂ ಹಾಕಿಸಿದರು. ಅವನ ಮಗಳು ಎದ್ದುನಿಂತು ಎರಡು ಕೈಯಿಂದಲೂ ಕಾಗದದ ಚೂರು ತೂರಿದಳು. ಹಿಂದೆ ಅವನನ್ನು ಕತ್ರಿ ಎಂದು ಕರೆದವರು ಈಗ ‘ಶೇಷಪ್ಪಣ್ಣಂಗೆ ಜೈ’ ಎನ್ನುತ್ತಿದ್ದರು. ಕೊನೆಗೆ ಶೇಷಪ್ಪನೇ ಎದ್ದು ಕೈಯೆತ್ತಿದ: ‘ಸಾಕು ಮಾರಾಯ್ರೆ, ಮುಂದೆ ಬಿಡಿ! ಇವ್ನು ಊಟಕ್ಕೆ ಬರ್ತಾನಾ ಇಲ್ವಾ ನೋಡುವ!’

ಆ ಗದ್ದಲದಲ್ಲಿ ನಾನು ಅವನ ಕುರ್ಚಿಯ ಪಕ್ಕದ ಓಣಿಯಲ್ಲಿ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಕ್ಷಮೆ ಕೇಳಬೇಕೆಂದಿದ್ದೆ. ‘ಶೇಷಪ್ಪ, ನಿನ್ನ ಹತ್ರ...’

ಅವನು ನನ್ನ ಕಡೆ ತಿರುಗಲಿಲ್ಲ. ಕಣ್ಣು ಪರದೆಯ ಮೇಲಿತ್ತು, ಕೆನ್ನೆಯ ಮೇಲೆ ಅದರ ಬೆಳಕು ಆಡುತ್ತಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

‘ಮಾತಾಡ್ಬೇಡ’ ಎಂದ. ‘ಪಿಕ್ಚರ್ ನೋಡ್ತಾ ಇದೇನೆ.’

ನಾನೂ ಪರದೆಯ ಕಡೆ ತಿರುಗಿದೆ. ಆ ಮಾತನ್ನು ಇವತ್ತಿಗೂ ಕೇಳಿಲ್ಲ. ಕೇಳುವ ಹಕ್ಕು ನನಗಿದೆಯೆಂದೂ ಅನ್ನಿಸುವುದಿಲ್ಲ. ಹೊಸ ಚಿತ್ರ ಬಂದ ಶುಕ್ರವಾರಗಳಲ್ಲಿ ಅವನು ಕಮಲ ಅವರನ್ನು ಕರೆದುಕೊಂಡು ಟಾಕೀಸಿಗೆ ಬರುತ್ತಾನೆ. ಬಂದು ಹಿಂದಿನ ಹಾಗೆ ಮೊದಲ ಸಾಲಿನಲ್ಲಿ ಕೂರುತ್ತಾನೆ.